ನನ್ನ ಹಳೇ ಮನೆ ಕೊಳ್ಳಲಿರುವ ಮಹಾನುಭಾವರಿಗೆ

ಮಾನ್ಯರೇ,

ನೀವು ಯಾರೋ, ಎಲ್ಲಿದ್ದೀರೋ ನಾನರಿಯೆ. ಆದರೂ ನಿಮ್ಮ ದುಡ್ಡನ್ನು ಆಗಲೇ ಖರ್ಚು ಮಾಡಿಬಿಟ್ಟಿದ್ದೇನೆ. ಕನಕಪುರ ರಸ್ತೆಯ ನನ್ನ ಹೊಸ ಫ್ಲ್ಯಾಟಿನ ಹಾಲು, ಅಡುಗೆಮನೆ ಗೃಹಸಾಲದ್ದು. ಎರಡು ಬೆಡ್‌ರೂಮು ಮತ್ತು ಬಾಲ್ಕನಿ ನಿಮ್ಮವು. ಗೃಹಪ್ರವೇಶಕ್ಕೆ ನಿಮ್ಮನ್ನು ಕರೆಯಲಾಗಲಿಲ್ಲ. ವಿಳಾಸ ಗೊತ್ತಿರಲಿಲ್ಲ ನೋಡಿ.

ನೀವಿದ್ದೀರೆಂದು ನನಗೆ ಮೊದಲು ಹೇಳಿದ್ದೇ ಬ್ಯಾಂಕಿನವರು. ವಿಜಯನಗರದ ಮನೆ ಮಾರಿ ಆಮೇಲೆ ಫ್ಲ್ಯಾಟ್ ತಗೋತೀನಿ ಅಂದರೆ, "ಅಲ್ಲೀವರೆಗೂ ಯಾಕೆ ಕಾಯ್ತೀರಾ ಸಾರ್, ಬ್ರಿಡ್ಜ್ ಲೋನ್ ಕೊಡ್ತೀವಿ, ಮಾರಿದ ಮೇಲೆ ಕಟ್ಟಿ" ಎಂದರು. ಎರಡು ವರ್ಷದ ಗಡುವು, ಬಡ್ಡಿ ಮಾಮೂಲಿ ಗೃಹಸಾಲಕ್ಕಿಂತ ತುಸು ಮೇಲೆ. ತಿಂಗಳು ತಿಂಗಳು ಬಡ್ಡಿ ನಾನು ಕಟ್ಟಬೇಕು, ಅಸಲು ನೀವು ಬಂದು ತೀರಿಸುತ್ತೀರಿ. ನನ್ನಿಂದ ಐಟಿ ರಿಟರ್ನು, ಸ್ಯಾಲರಿ ಸ್ಲಿಪ್ಪು, ಸಹಿ ಮೇಲೆ ಸಹಿ ತೆಗೆದುಕೊಂಡ ಬ್ಯಾಂಕು ನಿಮ್ಮ ಹೆಸರನ್ನೂ ವಿಚಾರಿಸಲಿಲ್ಲ. ಅಷ್ಟು ನಂಬಿಕಸ್ಥರು ನೀವು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಅಂತಾರೆ. ಇಲ್ಲಿ ಕುಲಾವಿಗೆ ಬಡ್ಡಿ ಬೇರೆ.

ಆದಾಯ ತೆರಿಗೆಯವರಿಗೂ ನಿಮ್ಮ ಮೇಲೆ ಭರವಸೆ. ಹೊಸ ಮನೆ ಕೊಂಡ ಒಂದು ವರ್ಷದೊಳಗೆ ಹಳೇದನ್ನು ಮಾರಿದರೆ, ಹೊಸ ಮನೆಗೆ ಹಾಕಿದಷ್ಟು ಲಾಭಕ್ಕೆ ವಿನಾಯಿತಿ. ಗಡುವು ದಾಟಿ ನೀವು ಬಂದರೆ ಲಾಭದ ಮೇಲೆ ಶೇ. 12.5 ತೆರಿಗೆ. ಬ್ಯಾಂಕಿನ ಲೆಕ್ಕದಲ್ಲಿ ನಿಮಗೆ ಎರಡು ವರ್ಷ ಟೈಮಿದೆ, ತೆರಿಗೆಯವರ ಲೆಕ್ಕದಲ್ಲಿ ಒಂದೇ. ದಯಮಾಡಿ ತೆರಿಗೆಯವರ ಕ್ಯಾಲೆಂಡರನ್ನೇ ಗೋಡೆಗೆ ಹಾಕಿಕೊಳ್ಳಿ.

ಈ ನಡುವೆ ನಿಮ್ಮ ಹಾಗೇ ಕಾಣುವವರೊಬ್ಬರು ಬಂದಿದ್ದರು. ಹೊಸ್ತಿಲ ಮೇಲೆ ಮೊಬೈಲಿಟ್ಟು ದಿಕ್ಸೂಚಿ ನೋಡಿ "ದಕ್ಷಿಣದ ಬಾಗಿಲಾ?" ಅಂದರು. ಸಿಂಕಿನ ನಲ್ಲಿ ತಿರುಗಿಸಿ, ನೀರನ್ನು ಅಂಗೈಗೆ ಹಿಡಿದು ಮೂಸಿ, "ಕಾವೇರಿನಾ, ಬೋರಾ?" ಅಂದರು. ಇ-ಖಾತಾ ಕೇಳಿದರು, ಕೊಟ್ಟೆ. ಇಸಿ ಕೇಳಿದರು, ಕೊಟ್ಟೆ. ಎರಡನೇ ಲೋಟ ಕಾಫಿ ಮುಗಿಸಿ, "ಒರಿಜಿನಲ್ ಕ್ರಯಪತ್ರ ಸ್ವಲ್ಪ ತೋರಿಸಿ" ಅಂದರು. ಎಲ್ಲಿಂದ ತರಲಿ? ಅದು ಬ್ಯಾಂಕಿನಲ್ಲಿದೆ. ನೀವು ಬಂದೇ ಬರುತ್ತೀರೆಂದು ಅಡವಿಟ್ಟ ಪತ್ರವನ್ನು ಕಣ್ಣಾರೆ ಕಾಣದೆ ನೀವು ಬರುವುದಿಲ್ಲ. ನೀವು ಬಂದು ದುಡ್ಡು ಕೊಡದೆ ಅದು ಹೊರಗೆ ಬರುವುದಿಲ್ಲ. ಬ್ಯಾಂಕಿನವರು ಕೊಟ್ಟ ಪತ್ರಗಳ ಪಟ್ಟಿ ತೋರಿಸಿದೆ. ಅವರು "ಮನೇಲಿ ಕೇಳಿ ಹೇಳ್ತೀನಿ ಸಾರ್" ಎಂದು ಎದ್ದರು. ಮನೆಯವರು ಪಕ್ಕದಲ್ಲೇ ಕೂತಿದ್ದರು.

ಸಾಲ ತೀರಿದ ಮೂವತ್ತು ದಿನದೊಳಗೆ ಪತ್ರ ವಾಪಸು ಕೊಡಬೇಕು, ತಡವಾಗಿದ್ದು ತಮ್ಮಿಂದಲೇ ಆದರೆ ದಿನಕ್ಕೆ 5,000 ರೂಪಾಯಿ ತೆರಬೇಕು ಎಂದು ರಿಸರ್ವ್ ಬ್ಯಾಂಕು 2023ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಆದ್ದರಿಂದ ಹೆದರಬೇಡಿ. ನನ್ನ ಬ್ಯಾಂಕು ಒಂದೆರಡು ತಿಂಗಳು ತಡ ಮಾಡಲಿ ಎಂದು ನಾನಂತೂ ಹರಕೆ ಹೊತ್ತಿದ್ದೇನೆ.

ನೋಂದಣಿ ಶುಲ್ಕ ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2 ಆಯಿತೆಂದು ಹಿಂಜರಿಯುತ್ತಿದ್ದೀರಾ? ಮುದ್ರಾಂಕ, ಸೆಸ್ಸು ಎಲ್ಲ ಸೇರಿ ಶೇ. 7.6. ನಿಮ್ಮ ಸಂಕಟ ಅರ್ಥವಾಗುತ್ತದೆ. ಹಾಗಂತ ಬೆಲೆ ಇಳಿಸಿ ಅನ್ನಬೇಡಿ, ಇಳಿಸಿದರೆ ಹೋಗುವುದು ನಿಮ್ಮದೇ ಬಾಲ್ಕನಿ. ಬ್ರೋಕರ್ ಮಾತ್ರ ದಿನಾ ಫೋನ್ ಮಾಡಿ "ಪಾರ್ಟಿ ರೆಡಿ ಇದೆ ಸಾರ್, ಅವರದ್ದೊಂದು ಸಣ್ಣ ಸೆಟಲ್‌ಮೆಂಟ್ ಆಗ್ಬೇಕಷ್ಟೆ" ಅನ್ನುತ್ತಾರೆ. ಏನಪ್ಪಾ ಆ ಸೆಟಲ್‌ಮೆಂಟು ಅಂದರೆ, ನೀವೂ ನಿಮ್ಮ ಹಳೇ ಮನೆ ಮಾರಿ ಬರಬೇಕಂತೆ.

ಅಷ್ಟೇ ತಾನೇ? ನಮ್ಮ ಬ್ಯಾಂಕ್ ಮ್ಯಾನೇಜರ್ ನಂಬರ್ ಕೊಡುತ್ತೇನೆ, ಅಲ್ಲೀವರೆಗೂ ನೀವ್ಯಾಕೆ ಕಾಯುತ್ತೀರಿ?

ಇಂತಿ ನಿಮ್ಮ ದಾರಿ ಕಾಯುತ್ತಿರುವ,
ಎರಡು ಮನೆಯ ಯಜಮಾನ