ಹೆಡ್ಮಾಸ್ತರು ಕೊಟ್ಟ ಹುಟ್ಟಿದಹಬ್ಬ

ದಾವಣಗೆರೆ, ಹರಿಹರದ ಕಡೆ ಅರವತ್ತು ದಾಟಿದವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆಸಿ ನೋಡಿ. ಜೂನ್ 1ರಂದು ಹುಟ್ಟಿದವರು ಧಾರಾಳವಾಗಿ ಸಿಗುತ್ತಾರೆ. ಹಡೆದವರು ಅವ್ವಂದಿರು, ಹುಟ್ಟಿಸಿದವರು ಹೆಡ್ಮಾಸ್ತರು! ಆಗ ಶಾಲೆ ಶುರುವಾಗುತ್ತಿದ್ದುದು ಜೂನ್‌ನಲ್ಲಿ. ಹುಡುಗ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ವಯಸ್ಸಾಯಿತು, ಇಲ್ಲವಾದರೆ ಮುಂದಿನ ವರ್ಷ ಬಾ. ಈಗಿನ ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅಲ್ಲಿಯವರೆಗೆ ಕಿವಿಯೇ ದಾಖಲೆ.

ಇಂಥವರ ಕೈಗೆ ಈಗ ಮೊಬೈಲು ಬಂದಿದೆ. ಬಸ್ಸಿನ ಟಿಕೆಟ್ಟಿರಲಿ, ವಚನ ಕೇಳುವುದಿರಲಿ, ಮೊದಲು ಖಾತೆ ತೆರೆಯಬೇಕು. ತೆರೆಯಲು ಹುಟ್ಟಿದ ದಿನಾಂಕ ಬೇಕು. ಹರಿಹರದ ನಮ್ಮ ಸೋದರಮಾವನನ್ನು ಕೇಳಿದೆ: "ಮಾವ, ನೀವು ಹುಟ್ಟಿದ್ದು ಯಾವಾಗ?"

"ಹೊಳಿ ಊರೊಳಗ ಬಂದಿತ್ತು ನೋಡು, ಆ ವರ್ಷ. ದಾವಣಗೇರಿ ದುಗ್ಗಮ್ಮನ ಜಾತ್ರಿನೂ ಅದಾ ವರ್ಷ."

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಹಾಗಾಗಿ ಅರ್ಧ ಇಸವಿಗಳು ಕಳೆದವು, ಇನ್ನರ್ಧದಲ್ಲಿ ಹುಡುಕಿದರಾಯಿತು! ಮಾವನ ಮನೆಯಿಂದ ಕೂಗಳತೆಯಲ್ಲಿರುವ ಹರಿಹರೇಶ್ವರನ ಗುಡಿಗೆ ಈ ತಾಪತ್ರಯವಿಲ್ಲ. ಹೊಯ್ಸಳರ ದಂಡನಾಯಕ ಪೋಲಾಳ್ವ ಅದನ್ನು ಕಟ್ಟಿಸಿದ್ದು 1224ರಲ್ಲಿ ಎಂದು ಯಾರನ್ನು ಕೇಳಿದರೂ ಗೊತ್ತಾಗುತ್ತದೆ. ಪರದೆಯ ಮೇಲಿನ ಇಸವಿಗಳನ್ನು ಬೆರಳಲ್ಲಿ ನೂಕುತ್ತ ಮೋದಿ, ವಾಜಪೇಯಿ, ಇಂದಿರಾ ಗಾಂಧಿ ಎಲ್ಲರನ್ನೂ ದಾಟಿ ನೆಹರೂ ಕಾಲ ಮುಟ್ಟುವಷ್ಟರಲ್ಲಿ ಮಾವನ ಚಾ ಆರಿತ್ತು.

"ಅಷ್ಟ್ಯಾಕ ಒದ್ದಾಡ್ತಿಯಲೇ? ಮಾಸ್ತರು ಬರದಿದ್ದು ಹಾಕು."

ಅಂದಿನಿಂದ ಜೂನ್ 1ರ ಬೆಳಗ್ಗೆ ಮಾವನಿಗೂ ಅವರ ಜತೆ ಓದಿದವರಿಗೂ ಒಟ್ಟಿಗೇ ಶುಭಾಶಯಗಳು ಬೀಳುತ್ತವೆ. ಎಲ್ಲರೂ ಕೂಡಿ ದಾವಣಗೆರೆಗೆ ಬೆಣ್ಣೆದೋಸೆ ತಿನ್ನಲು ಹೋಗುತ್ತಾರೆ. ಹುಟ್ಟಿದಹಬ್ಬದವನು ಬಿಲ್ಲು ಕೊಡಬೇಕೆಂಬುದು ನಿಯಮ. ಗಲ್ಲಾದ ಮುಂದೆ ಬಹಳ ಹೊತ್ತು ಯಾರೂ ಕದಲುವುದಿಲ್ಲ.

ಖಾತೆ ತೆರೆಯುವಾಗ ಹುಟ್ಟಿದ ದಿನಾಂಕ ಕೇಳುವ ಈ ಪ್ರಶ್ನೆಯ ಮೂಲ ಅಮೆರಿಕದ್ದು. ಹದಿಮೂರರೊಳಗಿನ ಮಕ್ಕಳ ವಿವರ ಪಡೆಯಲು ಹೆತ್ತವರ ಒಪ್ಪಿಗೆ ಬೇಕೆಂದು ಅಲ್ಲಿ 1998ರಲ್ಲಿ ಕಾನೂನಾಯಿತು. ನಮ್ಮ 2023ರ ದತ್ತಾಂಶ ಕಾಯ್ದೆ ಆ ಗೆರೆಯನ್ನು ಹದಿನೆಂಟಕ್ಕೆ ಎಳೆದಿದೆ. ಆದರೆ ಬಹಳಷ್ಟು ಕಡೆ ಹೇಳಿದ್ದನ್ನೇ ನಂಬುತ್ತಾರೆ, ಕಿವಿ ಮುಟ್ಟಿಸಿ ನೋಡುವವರಿಲ್ಲ. ಮೂರನೇ ಕ್ಲಾಸಿನ ಮಾವನ ಮೊಮ್ಮಗ ಆಟವಾಡಲು ತಾನೇ ಖಾತೆ ತೆರೆದುಕೊಂಡ. ಅವನಿಗೆ ಬಾಯಿಪಾಠವಾಗಿದ್ದ ಇಸವಿ 1947 ಒಂದೇ, ಅದನ್ನೇ ಒತ್ತಿದ. ಈಗ ಅವನು ತಾತನಿಗಿಂತ ಹಿರಿಯ, ಆಟದ ನಡುನಡುವೆ ಮೊಣಕಾಲು ನೋವಿನ ಎಣ್ಣೆಯ ಜಾಹೀರಾತು ಬರುತ್ತದೆ. ಮಾವ ಅದರ ನಂಬರು ಬರೆದುಕೊಂಡಿದ್ದಾರೆ.