ಹತ್ತು ಮನೆಗೆ ಸ್ಲಂ ಯೋಗ ಇಲ್ಲ

ಮೂಡಿಗೆರೆ ಕಡೆಯ ಒಂದು ಎಸ್ಟೇಟಿನ ಕೂಲಿ ಲೈನು. ಒಂದೇ ಸೂರು, ಹತ್ತು ಮನೆ. ಹೊರಗೆ ಜಡಿಮಳೆ. ಒಳಗೆ ಹಂಚು ಸೋರಿ ಪಾತ್ರೆಗೆ ಟಣ್ ಟಣ್.

ಸರ್ವೆಯವರು: ಅಕ್ಕಾ, ಇದು ಸ್ಲಮ್ಮಾ?

ಅಕ್ಕ: ನೀವೇ ಹೇಳ್ಬೇಕು ಸಾರ್. ನಾವು ಲೈನು ಅಂತೀವಿ.

ಸರ್ವೆಯವರು: 2011ರ ಜನಗಣತಿ ಪ್ರಕಾರ ಸ್ಲಂ ಅನ್ನೋಕೆ ಕನಿಷ್ಠ 300 ಜನ, ಇಲ್ಲಾ 60–70 ಮನೆ ಇರ್ಬೇಕು. ಅದೂ ಪೇಟೇಲಿ.

ಅಕ್ಕ: ಸೋರೋದು ಸಾಲ್ದಾ?

ಸರ್ವೆಯವರು: ಸೋರೋದಕ್ಕೆ ಕಾಲಂ ಇಲ್ಲ. ತೋಟದ ಆಳುಗಳಿಗೆ ಮನೆ ಕೊಡೋದು ಮಾಲೀಕರ ಹೊಣೆ ಅಂತ 1951ರಲ್ಲೇ ಕಾಯ್ದೆ ಬಂದಿದೆ.

ಅಕ್ಕ: ಸಾವ್ಕಾರ್ರು ಕೊಟ್ಟಿದಾರಲ್ಲ! ಮೈಯಲ್ಲಿ ಕಸುವಿರೋ ತನಕ. ಆಮೇಲೆ ಚಾಪೆ ಸುತ್ಕೊಂಡು ಹೊರಡು ಅಂತಾರೆ.

ಸರ್ವೆಯವರು: ಸರ್ಕಾರಿ ಜಾಗದಲ್ಲಿ ಒಂದು ಗುಡಿಸಲು...

ಅಕ್ಕ: ಹಾಕಿದ್ದೆ. ಒತ್ತುವರಿ ಅಂತ ಕಿತ್ತಾಕಿದ್ರು.

ಸರ್ವೆಯವರು: ಅಲ್ಲೇ ನೀವು ತಪ್ಪಿದ್ದು. ಅದೇ ಜಾಗಕ್ಕೆ ಹಿಂದೇನೇ ಕಾಫಿ ಹಾಕಿದ್ದಿದ್ರೆ 25 ಎಕರೆ ತನಕ 30 ವರ್ಷ ಗುತ್ತಿಗೆಗೆ ಕಾನೂನೇ ಇದೆ.

ಅಕ್ಕ: ಅಯ್ಯೋ, ಗುಡಿಸಲ ಹಿಂದೆ ನಾಲ್ಕು ರೋಬಸ್ಟಾ ನೆಟ್ಟಿದ್ನಲ್ಲ!

ಸರ್ವೆಯವರು: ನಾಲ್ಕು ಗಿಡ ನೆಟ್ಟವರು ಒತ್ತುವರಿದಾರರು. ಇಪ್ಪತ್ತು ಎಕರೆ ನೆಟ್ಟವರು ಬೆಳೆಗಾರರು.

ಅಕ್ಕ: 2019ರ ಆಗಸ್ಟಲ್ಲಿ ನಮ್ಮ ಕಡೆಯ ಮಲೆಮನೆ, ಮಧುಗುಂಡಿ ಊರುಗಳಲ್ಲಿ ಗುಡ್ಡವೇ ಇಳಿದು ಬಂದು ತೆರವು ಮಾಡ್ತು. ನೋಟಿಸೂ ಕೊಡ್ಲಿಲ್ಲ.

ಸರ್ವೆಯವರು: ಗುಡ್ಡಕ್ಕೆ ಕಾನೂನು ಗೊತ್ತಿಲ್ಲ ಬಿಡಿ. ಇಲ್ಲೊಂದು ಹೆಬ್ಬೆಟ್ಟು ಒತ್ತಿ.

ಅಕ್ಕ: ಸಹಿ ಬರುತ್ತೆ ಸಾರ್. ಆದ್ರೆ ಸ್ವಲ್ಪ ಆಚೆ ಸರೀರಿ, ನಿಮ್ಮ ಫಾರಮ್ಮಿನ ಮೇಲೇ ಸೋರ್ತಿದೆ.