ಆ 25 ಕುದುರೆ ಯಾರ ಲಾಯದವು?

ಕೊಲ್ಹಾರದಲ್ಲಿ ಎರಡು ಪ್ರಸಿದ್ಧ. ಒಂದು, ಗಡಿಗಿ ಬೋರಲು ಹಾಕಿದರೂ ಬೀಳುವುದಿಲ್ಲ ಎಂದು ಮಾರುವವರು ಪ್ರಮಾಣ ಮಾಡಿ ಹೇಳುವ ಮೊಸರು. ಇನ್ನೊಂದು, ಕೃಷ್ಣೆಯ ಹಿನ್ನೀರಿನ ಮೇಲೆ ಕೊರ್ತಿಯವರೆಗೆ ಹಾಸಿರುವ ಉದ್ದನೆಯ ಸೇತುವೆ. ಮೊದಲನೆಯದು ಅಲುಗಾಡದೆ ಕೂತರೆ ಮಾತ್ರ ಆಗುವಂಥದ್ದು. ಎರಡನೆಯದನ್ನು ಕಂಡರೆ ನಮ್ಮ ಹುಡುಗರಿಗೆ ಕೂಡಲಿಕ್ಕೇ ಆಗುವುದಿಲ್ಲ.

ಹುಡುಗರ ಕೈಗೆ ಈಗ ಸಿಕ್ಕಿರುವುದು ಹಳೇ ಸ್ವಿಫ್ಟ್ ಡೀಸೆಲ್. ಮಾರುತಿಯವರು ಸ್ವಿಫ್ಟನ್ನು 2005ರಲ್ಲಿ ಪೆಟ್ರೋಲಿನಲ್ಲಿ ಬಿಟ್ಟರು, 2007ರಲ್ಲಿ ಡೀಸೆಲ್ ತಂದರು, 2020ರಲ್ಲಿ ಬಿಎಸ್-6 ಬಂದಾಗ ಡೀಸೆಲ್ ಸಹವಾಸವೇ ಸಾಕೆಂದು ಕೈತೊಳೆದುಕೊಂಡರು. ಅವರು ಬಿಟ್ಟದ್ದನ್ನು ನಾವು ಹಿಡಿದುಕೊಂಡೆವು. 1248 ಸಿಸಿಯ ಆ ಎಂಜಿನ್ ಅಸಲಿಗೆ ಇಟಲಿಯ ಫಿಯೆಟ್ ಕಂಪನಿಯ ಮಲ್ಟಿಜೆಟ್. ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ ಎಂದು ಮನೆಮನೆಗೂ ಅಳಿಯನಾಗಿ ಹೋದದ್ದರಿಂದ ಅದಕ್ಕೆ ‘ನ್ಯಾಷನಲ್ ಎಂಜಿನ್’ ಎಂಬ ಅಡ್ಡಹೆಸರೂ ಬಿತ್ತು. ಹುಟ್ಟಾ 75 ಹಾರ್ಸ್‌ಪವರ್. ಲೀಟರಿಗೆ ಒಳ್ಳೆ ಮೈಲೇಜು, ಎಲ್ಲ ಊರಲ್ಲೂ ಸಾಮಾನು ಸಿಗುತ್ತದೆ, ಯಾವ ಮಿಸ್ತ್ರಿಯಾದರೂ ಕಣ್ಣುಮುಚ್ಚಿ ಬಿಚ್ಚುತ್ತಾನೆ. ಇಷ್ಟು ಗುಣವಂತ ಗಾಡಿಯನ್ನು ಸುಮ್ಮನೆ ಓಡಿಸುವುದುಂಟೆ?

ಮೊನ್ನೆ ಹೆದ್ದಾರಿ ಬದಿಯಲ್ಲಿ, ಮೊಸರಿನ ಗಡಿಗಿಗಳ ಸಾಲಿನಿಂದ ಸ್ವಲ್ಪ ಆಚೆಗೆ, ಒಂದು ಬಿಳಿ ಸ್ವಿಫ್ಟ್ ಬಾನೆಟ್ ತೆರೆದು ನಿಂತಿತ್ತು. ಒಳಗೆ ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ವೈರು ಚುಚ್ಚಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಬ್ಬ ತಜ್ಞ ಕೂತಿದ್ದ. ಹೊರಗೆ ಗಾಡಿಯ ಮಾಲೀಕ, ಅವನ ಸುತ್ತ ನಾಲ್ಕು ಗೆಳೆಯರು. ಆಪರೇಷನ್ ಥಿಯೇಟರಿನ ಹೊರಗೆ ನಿಂತ ಮುಖಗಳು.

‘ಏನ್ ಮಾಡ್ಸಾಕತ್ತೀಯೋ ತಮ್ಮಾ?’ ಅಂದೆ.

‘ಸ್ಟೇಜ್ ಟೂ ರೀ ಕಾಕಾ. 75 ಇದ್ದದ್ದು 100 ಆಗ್ತದ.’

‘ಏನೇನ್ ಬದ್ಲಿ ಮಾಡ್ಸಿದಿ?’

‘ಸೈಲೆನ್ಸರ್, ಏರ್ ಫಿಲ್ಟರ್. ಉಳದಿದ್ದೆಲ್ಲಾ ಸಾಫ್ಟ್‌ವೇರ್ ರೀ.’

ಪಕ್ಕದಲ್ಲಿ ನಿಂತಿದ್ದ ಮುದಿ ಮಿಸ್ತ್ರಿ ಯಾರ ಅಪ್ಪಣೆಯನ್ನೂ ಕಾಯದೆ ಡಿಪ್‌ಸ್ಟಿಕ್ ಎಳೆದ. ಬೆರಳಿಗೆ ಹತ್ತಿದ ಆಯಿಲನ್ನು ಉಜ್ಜಿ ನೋಡಿ, ‘ಆಯಿಲ್ ಯಾವಾಗ ಬದ್ಲಿ ಮಾಡ್ಸೀಯೋ?’ ಎಂದು ಕೇಳಿದ.

‘ಹಿಂದಿನ ಓನರ್ ಮಾಡ್ಸ್ಯಾನಂತ್ರೀ.’

ಇಷ್ಟರಲ್ಲಿ ಲ್ಯಾಪ್‌ಟಾಪಿನ ತಜ್ಞ ‘ಆತು’ ಅಂದ. ಎಂಜಿನ್ ಅದೇ, ಪಿಸ್ಟನ್ ಅದೇ, ಆಯಿಲ್ ಹಿಂದಿನ ಓನರಿನದೇ. ಆದರೆ 25 ಕುದುರೆ ಬಂದು ಸೇರಿದ್ದವು.

ಇದರ ಲೆಕ್ಕ ಹೀಗೆ: ಬರೀ ಕಂಪ್ಯೂಟರಿನ ಅಂಕಿ ತಿದ್ದಿದರೆ ಮೊದಲ ಸ್ಟೇಜು. ಉಸಿರು ಎಳೆಯುವ, ಬಿಡುವ ದಾರಿ ಅಗಲ ಮಾಡಿದರೆ ಎರಡನೆಯದು. ಟರ್ಬೊವನ್ನೇ ಬದಲಿಸಿ ಎಂಜಿನ್ನಿನ ಒಡಲಿಗೆ ಕೈಹಾಕಿದರೆ ಮೂರನೆಯದು. ಈ ಸ್ಟೇಜುಗಳ ಮಾತು ಬೆಂಗಳೂರಿನವರಿಗೆ ಹೊಸದಿರಬಹುದು, ಕೊಲ್ಹಾರದವರಿಗಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಒಂದನೇ ಹಂತ, ಎರಡನೇ ಹಂತ ಎನ್ನುತ್ತ ಹಿನ್ನೀರಿಗೆ ಹೊಲ-ಮನೆ ಬಿಟ್ಟುಕೊಟ್ಟು ಮೇಲೆ ಬಂದು ಕೂತ ಊರು ಇದು. ಮೂರನೇ ಹಂತದಲ್ಲಿ ಅಣೆಕಟ್ಟಿನ ನೀರಿನ ಮಟ್ಟ 519.6 ಮೀಟರಿನಿಂದ 524.256 ಮೀಟರಿಗೆ ಏರಬೇಕು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲೇ ಹೂಂ ಅಂದಿದೆ. ಅಂದಿನಿಂದ ಸರ್ಕಾರಗಳು ಬಂದವು, ಹೋದವು; ಗೇಟು ಮಾತ್ರ ಇದ್ದಲ್ಲೇ ಇದೆ.

ಯಾಕೆಂದರೆ ನಾಲ್ಕೂವರೆ ಮೀಟರ್ ಚಿಲ್ಲರೆ ಏರಿಸುತ್ತೇವೆ ಎಂದ ಕೂಡಲೇ ಈ ಭಾಗದಲ್ಲಿ ಓದು ಬಾರದ ಮುದುಕನೂ ಕೇಳುವ ಮೊದಲ ಪ್ರಶ್ನೆ: ‘ಮುಳಗೋದು ಎಷ್ಟು? ಯಾರದು? ಎಕರೆಗೆ ಎಷ್ಟ್ ಕೊಡ್ತಾರ?’ ಇಷ್ಟು ತಿಳಿದ ಊರಿನಲ್ಲಿ, ಒಂದು ಸಣ್ಣ ಎಂಜಿನ್ನಿನಲ್ಲಿ ಅರ್ಧ ಗಂಟೆಯೊಳಗೆ 25 ಹಾರ್ಸ್‌ಪವರ್ ಏರಿಸಿದಾಗ ಮುಳುಗುವುದು ಯಾವುದು ಎಂದು ಕೇಳುವ ಒಬ್ಬನೂ ಹುಟ್ಟಲಿಲ್ಲ.

ಮುಳುಗುತ್ತದೆ, ಖಂಡಿತ. ಕುದುರೆ ಆಕಾಶದಿಂದ ಇಳಿಯುವುದಿಲ್ಲ. ಹೆಚ್ಚು ಗಾಳಿ ತುರುಕಬೇಕು, ಹೆಚ್ಚು ಡೀಸೆಲ್ ಸುಡಬೇಕು. ಟರ್ಬೊ ಮೊದಲೇ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸು ತಿರುಗುವ ಸಾಮಾನು. ಅದರ ಬೇರಿಂಗ್ ತೇಲುವುದು ಅದೇ ಎಂಜಿನ್ ಆಯಿಲಿನ ಮೇಲೆ, ಹಿಂದಿನ ಓನರ್ ಹಾಕಿಸಿದ್ದ ಆಯಿಲಿನ ಮೇಲೆ. ಕ್ಲಚ್ಚು, ಗೇರ್‌ಬಾಕ್ಸು 190 ನ್ಯೂಟನ್ ಮೀಟರ್ ಟಾರ್ಕಿಗೆ ಅಳೆದು ಮಾಡಿದವು. ಕಂಪನಿಯವರು ಇವೆಲ್ಲಕ್ಕೂ ಒಂದಿಷ್ಟು ಉಳಿಕೆ ಬಿಟ್ಟಿರುತ್ತಾರೆ: ಮೇ ತಿಂಗಳ ಬಿಸಿಲಿಗೆ, ಕಲಬೆರಕೆ ಡೀಸೆಲಿಗೆ, ಸರ್ವಿಸ್ ಮಾಡಿಸದ ಮಾಲೀಕನಿಗೆ. ಲ್ಯಾಪ್‌ಟಾಪಿನವನು ತಂದುಕೊಡುವ 25 ಕುದುರೆ ಈ ಉಳಿಕೆಯ ಲಾಯದವು. ದಾನ ಅವನದು, ದನ ಇನ್ನೊಬ್ಬರದು.

ಇದೇ ಮಲ್ಟಿಜೆಟ್‌ನಿಂದ 90 ಕುದುರೆ ತೆಗೆಯುವುದು ಕಂಪನಿಗೂ ಗೊತ್ತಿತ್ತು. ಎಸ್‌ಎಕ್ಸ್4, ಎರ್ಟಿಗಾಗಳಲ್ಲಿ ತೆಗೆದರು ಕೂಡ. ಆದರೆ ಅದಕ್ಕೆ ಟರ್ಬೊವನ್ನೇ ಬೇರೆ ಹಾಕಿದರು, ವೇಗಕ್ಕೆ ತಕ್ಕಂತೆ ರೆಕ್ಕೆ ತಿರುವುವಂಥದ್ದು. ಅಷ್ಟು ಮಾಡಿಯೂ ಟಾರ್ಕ್ 190ರಿಂದ 200ಕ್ಕೆ ಏರಿಸಿ ಕೈಮುಗಿದರು. ಇಂಜಿನಿಯರುಗಳ ದಂಡು ಕಟ್ಟಿಕೊಂಡವರು ಹತ್ತಕ್ಕೆ ಹೆದರಿದರು. ನಮ್ಮ ತಜ್ಞನಿಗೆ ಅಂಥ ಅಂಜಿಕೆ ಇಲ್ಲ; ಅವನಿಗೆ ವಾರಂಟಿಯ ಹಂಗೂ ಇಲ್ಲ.

ಇನ್ನು ಫಿಲ್ಟರು. ಪೆಟ್ಟಿಗೆಯೊಳಗೆ ತಣ್ಣಗಿದ್ದ ಕಾಗದದ ಫಿಲ್ಟರನ್ನು ಕಿತ್ತು, ಕೆಂಪು ಬಟ್ಟೆಯ ಶಂಕುವನ್ನು ಎಂಜಿನ್ನಿನ ಪಕ್ಕಕ್ಕೇ ತೆರೆದು ಕೂರಿಸಿದ್ದರು. ಅದು ಎಳೆಯುವುದು ಬಾನೆಟ್ಟಿನೊಳಗಿನ ಕಾದ ಗಾಳಿ. ಗಾಳಿ ಕಾದಷ್ಟೂ ತೆಳ್ಳಗೆ, ತೆಳ್ಳಗಾದಷ್ಟೂ ಶಕ್ತಿ ಕಡಿಮೆ. ಹೊರಗೇ 40 ಡಿಗ್ರಿ ದಾಟುವ ವಿಜಯಪುರ ಸೀಮೆಯಲ್ಲಿ, ದುಡ್ಡು ಕೊಟ್ಟು ಎಂಜಿನ್ನಿಗೆ ಇನ್ನಷ್ಟು ಸೆಕೆ ಹಚ್ಚಿದ ಹಾಗಾಯಿತು. ಮೇಲಾಗಿ ನಮ್ಮದು ಎರಿ ಭೂಮಿ. ಬಿಳಿಜೋಳದ ರಾಶಿ ಮುಗಿದ ಮೇಲೆ ಏಳುವ ಧೂಳು ಕದ ಹಾಕಿದ ಮನೆಯ ಟ್ರಂಕಿನೊಳಗೂ ಇರುತ್ತದೆ. ತೆರೆದ ಫಿಲ್ಟರಿನಲ್ಲಿ ನುಸುಳಿ ಸಿಲಿಂಡರ್ ಗೋಡೆ ಕೆರೆಯಲು ಅದಕ್ಕೆ ಯಾರೂ ಆಮಂತ್ರಣ ಪತ್ರಿಕೆ ಕೊಡಬೇಕಿಲ್ಲ.

ಸೈಲೆನ್ಸರಿನ ಬಗ್ಗೆ ಮಾತ್ರ ನಾನು ತಕರಾರು ಎತ್ತುವುದಿಲ್ಲ. ಕೊಟ್ಟ ದುಡ್ಡಿಗೆ ಪೂರ್ತಿ ಮಾಲು ಸಿಕ್ಕಿರುವುದು ಅದೊಂದರಲ್ಲಿಯೇ. ಕುದುರೆ ಎಷ್ಟು ಏರಿತು ಎಂದು ಅಳೆಯುವ ಡೈನೊ ಯಂತ್ರ ಊರಲ್ಲಿಲ್ಲ. ಸದ್ದು ಎಷ್ಟು ಏರಿತು ಎಂಬುದಕ್ಕೆ ಊರೇ ಸಾಕ್ಷಿ.

ಏರಿದ್ದು ನಿಜವೇ ಎಂದುಕೊಳ್ಳೋಣ. ಫಲ ಏನು? ವೇಗ ಏರಿದ ಹಾಗೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಘನದ ಲೆಕ್ಕದಲ್ಲಿ ಏರುತ್ತದೆ. ವೇಗ ಇಮ್ಮಡಿಯಾಗಬೇಕಾದರೆ ಶಕ್ತಿ ಎಂಟು ಪಟ್ಟು ಬೇಕು. ಅಂದರೆ 75ನ್ನು 100 ಮಾಡಿದರೆ, ಗಾಡಿ ಓಡಬಹುದಾದ ಗರಿಷ್ಠ ವೇಗ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ಹೆಚ್ಚು. 150 ಓಡುವುದು 165 ಓಡೀತು. ಎಲ್ಲಿ? ಕಾರಿಗೆ ನಾಲ್ಕು ಪಥದ ಹೆದ್ದಾರಿಯಲ್ಲೇ ಕೇಂದ್ರ ಸರ್ಕಾರ ಇಟ್ಟ ಮಿತಿ 100, ಉಳಿದ ರಸ್ತೆಗಳಲ್ಲಿ 70. ಅದನ್ನೂ ಮೀರಿದ ಮಿತಿ ಹೇರುವುದು ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು, ಡಿಜೆ ಹಚ್ಚಿಕೊಂಡು ಹೊರಟ ಟ್ರ್ಯಾಕ್ಟರು. ಕಬ್ಬಿನ ಹಂಗಾಮಿನಲ್ಲಿ ಅದರ ಹಿಂದೆ 75 ಕುದುರೆಯೂ ಒಂದೇ, 100 ಕುದುರೆಯೂ ಒಂದೇ.

‘ಓವರ್‌ಟೇಕ್ ಮಾಡಾಕ ಅನುಕೂಲ ಆಗ್ತದಲ್ರೀ ಕಾಕಾ’ ಎಂದ ಹುಡುಗ. ಅದು ಖರೆ. ಎಳೆತ ಹೆಚ್ಚಿದರೆ ಟ್ರ್ಯಾಕ್ಟರ್ ದಾಟಲು ಹಿಡಿಯುವ ಹೊತ್ತು ಕಡಿಮೆಯಾಗುತ್ತದೆ. ವಿಜಯಪುರದ ದಾರಿಯಲ್ಲಿ ಐದಾರು ನಿಮಿಷ ಉಳಿದೀತು. ಆ ಐದಾರು ನಿಮಿಷ ಹೇಗೆ ಉಳಿಯಿತು ಎಂದು ಚಹಾದ ಅಂಗಡಿಯಲ್ಲಿ ಒಂದು ತಾಸು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಸಣ್ಣ ಗಾಡಿಗೆ ಬಲಿಷ್ಠ ಎಂಜಿನ್ ಕೂರಿಸುವ ಚಾಳಿಗೆ ದೊಡ್ಡ ಹೆಸರು ತಂದದ್ದು ಜರ್ಮನಿಯ ಗಾಲ್ಫ್ ಜಿಟಿಐ, 1976ರಲ್ಲಿ. 110 ಕುದುರೆ. ಅವರು ಎಂಜಿನ್ ಒಂದನ್ನೇ ಬಲಪಡಿಸಿ ಕೈಬಿಡಲಿಲ್ಲ. ಮುಂದಿನ ಬ್ರೇಕಿಗೆ ಗಾಳಿಯಾಡುವ ಡಿಸ್ಕ್ ಹಾಕಿದರು, ಸಸ್ಪೆನ್ಷನ್ ಬಿಗಿ ಮಾಡಿದರು. ನಮ್ಮ ದೇಶದಲ್ಲೂ 2015ರಲ್ಲಿ ಅಬಾರ್ಥ್ ಪುಂಟೊ 145 ಕುದುರೆ ಕಟ್ಟಿಕೊಂಡು ಬಂದಾಗ ನಾಲ್ಕೂ ಗಾಲಿಗೆ ಡಿಸ್ಕ್ ಇತ್ತು. ನಮ್ಮ ಬಿಳಿ ಸ್ವಿಫ್ಟಿನ ಹಿಂದಿನ ಗಾಲಿಗೆ ಡ್ರಮ್ಮು, ಮುಂದಿನ ಪ್ಯಾಡು ಸವೆದು ಕೀರಲುತ್ತಿದೆ, ಟಯರು ಕೈಯಾಡಿಸಿದರೆ ಹುಡುಗನ ಗಲ್ಲಕ್ಕಿಂತ ನುಣುಪು. ವೇಗ 100ರಿಂದ 120 ಆದರೆ ಬ್ರೇಕು ನುಂಗಬೇಕಾದ ಶಕ್ತಿ ನೂರಕ್ಕೆ 44 ಹೆಚ್ಚು. ಓಡಿಸುವ ತಜ್ಞರು ಊರೂರಿಗೆ ಬರುತ್ತಾರೆ. ನಿಲ್ಲಿಸುವ ತಜ್ಞ ಬಂದರೆ ಅವನ ಸುತ್ತ ಯಾವ ಗೆಳೆಯರೂ ಸೇರುವುದಿಲ್ಲ.

ಕಾಯ್ದೆ ಇಲ್ಲವೇ? ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಬೇಡ ಎನ್ನುತ್ತದೆ. 2019ರ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ. ಆದರೆ ಕಾಯ್ದೆಗೆ ಕಣ್ಣಿದೆ, ಲ್ಯಾಪ್‌ಟಾಪ್ ಇಲ್ಲ. ಸೈಲೆನ್ಸರ್ ಕಾಣುತ್ತದೆ, ಕೇಳುತ್ತದೆ; ಕಂಪ್ಯೂಟರಿನೊಳಗೆ ತಿದ್ದಿದ ಅಂಕಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಎದ್ದು ಬರುವುದು ಅಪಘಾತವಾದ ಮೇಲೆ, ವಿಮೆಯವರು ದುಡ್ಡು ಕೊಡದಿರಲು ಕಾರಣ ಹುಡುಕುವಾಗ.

ಮಿಸ್ತ್ರಿಯ ಬಳಿ ಬೇರೊಂದು ಉಪಾಯವಿತ್ತು. ‘ಈ ಗಾಡ್ಯಾಗ 75 ಅದಾವ ಅಂತ ಯಾರ್ ಹೇಳಿದ್ರು? ಅರವತ್ತು ಇದ್ರ ಹೆಚ್ಚು’ ಎಂದ. ಹದಿನೈದು ವರ್ಷದ ಮಸಿ ಇಜಿಆರ್ ವಾಲ್ವಿನಲ್ಲಿ ಕಟ್ಟಿದೆ, ಇಂಜೆಕ್ಟರ್ ಸೋರುತ್ತಿವೆ, ಟರ್ಬೊ ಪೈಪಿನಲ್ಲಿ ಸೀಳು. ಕಂಪ್ರೆಷನ್ ನೋಡು, ಇಂಜೆಕ್ಟರ್ ತೊಳೆಸು, ಪೈಪು ಬದಲಿಸು, ಆಯಿಲ್ ಹಾಕಿಸು, ಪ್ಯಾಡು-ಟಯರು ಹೊಸದು ಮಾಡು; ಕಳೆದುಹೋದ ಹದಿನೈದು ಕುದುರೆ ತಾವಾಗಿಯೇ ಮನೆಗೆ ಬರುತ್ತವೆ, ಕಾಯ್ದೆಗೂ ಅಡ್ಡಿಯಿಲ್ಲ. ಹುಡುಗ ಮನಸ್ಸಿಟ್ಟು ಕೇಳಿದ. ಕೊನೆಗೆ, ‘ಇದಕ್ಕ ಯಾವ ಸ್ಟೇಜ್ ಅಂತಾರ್ರೀ?’ ಎಂದು ಕೇಳಿದ. ಸರ್ವಿಸ್ ಅಂತಾರ ಎಂದ ಮಿಸ್ತ್ರಿ. ಹುಡುಗನ ಮುಖ ಇಳಿಯಿತು. ಸರ್ವಿಸ್ ಎಂದು ಹಿಂದಿನ ಗಾಜಿನ ಮೇಲೆ ಬರೆಸುವುದು ಹೇಗೆ?

ಮುಂದಿನದನ್ನು ಊಹಿಸಲು ಜ್ಯೋತಿಷಿ ಬೇಕಿಲ್ಲ. ಕ್ಲಚ್ಚು ಮೊದಲು ಜಾರುತ್ತದೆ. ಎಂಜಿನ್ ಕಿರುಚುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಆಮೇಲೆ ಟರ್ಬೊ ಆಯಿಲ್ ಕುಡಿಯಲು ಕಲಿಯುತ್ತದೆ, ಹಿಂದೆ ನೀಲಿ ಹೊಗೆ. ಆಗ ತಜ್ಞ ಮತ್ತೆ ಬರುತ್ತಾನೆ, ಅಂಕಿಗಳನ್ನು ಮೊದಲಿನಂತೆ ಮಾಡಿಕೊಡುತ್ತಾನೆ. ಸೈಲೆನ್ಸರ್ ಹಳೆಯದು ಹತ್ತುತ್ತದೆ, ಕೆಂಪು ಶಂಕು ಗೆಳೆಯನ ಗಾಡಿಗೆ ಹೋಗುತ್ತದೆ, ಮೀಟರು ಹತ್ತಾರು ಸಾವಿರ ಕಿಲೋಮೀಟರ್ ಹಿಂದಕ್ಕೆ ನಡೆಯುತ್ತದೆ. ‘ಸಿಂಗಲ್ ಹ್ಯಾಂಡ್, ಕಂಪನಿ ಮೇಂಟೇನ್’ ಎಂಬ ಒಕ್ಕಣೆಯೊಂದಿಗೆ ಸ್ವಿಫ್ಟು ಸಿಂದಗಿಗೋ ಇಂಡಿಗೋ ಮುದ್ದೇಬಿಹಾಳಕ್ಕೋ ಹೊರಡುತ್ತದೆ. ಕೊಳ್ಳುವವರು ನಿವೃತ್ತಿಯ ಗಂಟು ಕೈಯಲ್ಲಿರುವ ಯಾರೋ ಮಾಸ್ತರರು. ಯಾವ ಪರಿಹಾರದ ಪಟ್ಟಿಯಲ್ಲೂ ಅವರ ಹೆಸರಿಲ್ಲ.

ಮಾಸ್ತರರೇ, ನಿಮಗೆ ಒಂದೇ ಮಾತು. ಎಂಜಿನ್ ನೋಡಿದರೆ ನಿಮಗೇನೂ ತಿಳಿಯುವುದಿಲ್ಲ, ಮೀಟರು ನಿಜ ಹೇಳುವುದಿಲ್ಲ. ಹಿಂದಿನ ಗಾಜು ನೋಡಿ. ಸ್ಟಿಕ್ಕರ್ ಕಿತ್ತ ಜಾಗ ಉಳಿದ ಗಾಜಿಗಿಂತ ಸ್ವಚ್ಛವಾಗಿರುತ್ತದೆ. ಅಲ್ಲಿ ‘ಸ್ಟೇಜ್’ ಎಂಬಷ್ಟು ಉದ್ದದ ಗುರುತು ಕಂಡರೆ, ಚಹಾ ಕುಡಿದು, ಗಂಟು ಜೋಪಾನವಾಗಿ ಕಟ್ಟಿಕೊಂಡು, ಬಸ್ಸಿಗೆ ಮನೆಗೆ ಹೋಗಿ.